ಎಂಜಿನ್‌ಗೂ ಉಸಿರು ಕಟ್ಟುತ್ತೆ
ನನ್ನ ಹಳೇ ಪೆಟ್ರೋಲ್ ಕಾರಿಗೆ ಒಂದೇ ವರ್ಷದಲ್ಲಿ ಎರಡು ಸಲ ಆಯಿಲ್ ಸೀಲ್ ಹಾಕಿಸಿದೆ. ಆದ್ರೂ ಚಾರ್ಮಾಡಿ ಘಾಟಿಯಲ್ಲಿ 6000 ಆರ್‌ಪಿಎಂವರೆಗೆ ಎಳೆಸಿ ಬಂದ ಮರುದಿನ ಪಾರ್ಕಿಂಗ್‌ನಲ್ಲಿ ಮತ್ತೆ ಆಯಿಲ್ ಕಲೆ!

ತಪ್ಪು ಸೀಲ್‌ದಲ್ಲ. ಪಿಸ್ಟನ್ ರಿಂಗ್ ಎಷ್ಟೇ ಬಿಗಿಯಿದ್ದರೂ ಸ್ವಲ್ಪ ಗ್ಯಾಸ್ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ನುಸುಳುತ್ತೆ. ಇನ್‌ಟೇಕ್‌ನ ಎಳೆತ ಅದನ್ನು ಪಿಸಿವಿ ವಾಲ್ವ್ ಮೂಲಕ ಹೀರಿಕೊಳ್ಳುತ್ತೆ. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆ ಎಳೆತ ಹೆಚ್ಚುಕಡಿಮೆ ಇರೋದೇ ಇಲ್ಲ. ಗ್ಯಾಸ್ ಮಾತ್ರ ಜಾಸ್ತಿ. ಆಗ ಬ್ರೀದರ್ ಪೈಪೇ ಗತಿ. ನನ್ನ ಕಾರಲ್ಲಿ ಆ ಪೈಪೇ ಕಪ್ಪು ಜಿಡ್ಡಿನಿಂದ ಕಟ್ಟಿಕೊಂಡಿತ್ತು. ಒಳಗಿನ ಒತ್ತಡ ಸೀಲ್ ಸಂದಿಯಿಂದ ಆಯಿಲ್ ತಳ್ಳುತ್ತಿತ್ತು. ಪೈಪ್ ಬದಲಿಸಿದೆ, ಸೋರೋದು ನಿಂತಿತು.

ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ಆಯಿಲ್ ತುಂಬಿಸಬೇಡಿ; ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತೆ. ಮತ್ತೆ ಮತ್ತೆ ಸೀಲ್‌ಗೆ ದುಡ್ಡು ಸುರಿಯೋ ಮೊದಲು ಬ್ರೀದರ್ ಪೈಪ್ ಬಿಚ್ಚಿಸಿ ನೋಡಿ.