ಬಸ್ಸಿನ ಬಾಗಿಲೂ ಬಾಗಿಲ ಮೇಲಿನ ಬರಹವೂ

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಂದೇ ಗುಲ್ಬರ್ಗ ಜಿಲ್ಲೆಯ ಕೊಡಂಗಲ್ ತಾಲೂಕು ಆಂಧ್ರಕ್ಕೆ ಸೇರಿ ಮಹಬೂಬ್‌ನಗರ ಜಿಲ್ಲೆಯ ಪಾಲಾಯಿತು. ಈಗ ಅದು ತೆಲಂಗಾಣದಲ್ಲಿದೆ. ಆ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಎಂಬಲ್ಲಿ 2013ರ ಅಕ್ಟೋಬರ್ 30ರಂದು ಬೆಂಗಳೂರು-ಹೈದರಾಬಾದ್ ಬಸ್ಸೊಂದು ಮೋರಿಗೆ ಬಡಿದು ಹೊತ್ತಿಕೊಂಡು 45 ಮಂದಿ ಸುಟ್ಟುಹೋದರು. 2025ರ ಅಕ್ಟೋಬರ್ 24ರಂದು ಕರ್ನೂಲಿನ ಬಳಿ ಮತ್ತೊಂದು ಬಸ್ಸಿನಲ್ಲಿ 19 ಪ್ರಯಾಣಿಕರು ಬೆಂಕಿಗೆ ಬಲಿಯಾದರು. ಎರಡೂ ಸಲ ಬಾಗಿಲು ತೆರೆಯಲಿಲ್ಲವೆಂಬ ದೂರು ಕೇಳಿಬಂತು.

ಹಾಗೆಂದು ಗಾಳಿಯ ಬಾಗಿಲನ್ನೇ ಹಳಿಯುವುದು ಸರಿಯಲ್ಲ. ತೆರೆದ ಬಾಗಿಲಿನಿಂದ ಬಿದ್ದು ಸತ್ತವರ ಸುದ್ದಿಯನ್ನು ನಾವೇ ಎಷ್ಟು ಸಲ ಅಚ್ಚು ಹಾಕಿಲ್ಲ! ಎಂಜಿನ್ನಿನಿಂದ ತಿರುಗುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿನಲ್ಲಿ ತುಂಬುತ್ತದೆ. ಬ್ರೇಕಿಗೂ ಅದೇ ಗಾಳಿ. ಚಾಲಕ ಗುಂಡಿ ಒತ್ತಿದಾಗ ವಿದ್ಯುತ್ತಿನ ವಾಲ್ವ್ ತೆರೆದು ಗಾಳಿ ಸಿಲಿಂಡರಿಗೆ ನುಗ್ಗುತ್ತದೆ, ಅದರ ದಂಡ ಬಾಗಿಲನ್ನು ತಳ್ಳುತ್ತದೆ. ತಂತಿ ಸುಟ್ಟರೆ ಗುಂಡಿ ಸತ್ತಂತೆ. ಸಿಲಿಂಡರಿನೊಳಗಿನ ಗಾಳಿಯಾದರೋ ಬಾಗಿಲನ್ನು ಬಿಗಿಹಿಡಿದೇ ಇರುತ್ತದೆ. ಇದಕ್ಕೆಂದೇ ಬಾಗಿಲ ಬಳಿ ಕೈಯಿಂದ ತಿರುಗಿಸುವ ತುರ್ತು ವಾಲ್ವ್ ಇರಬೇಕು. ಅದನ್ನು ತಿರುಗಿಸಿದರೆ ಗಾಳಿ ಹೊರಹೋಗಿ ಬಾಗಿಲು ಸಡಿಲವಾಗುತ್ತದೆ, ಆಮೇಲೆ ಕೈಯಲ್ಲಿ ತಳ್ಳಿದರಾಯಿತು. ಬಸ್ಸಿನ ಮೈಯೇ ನಜ್ಜುಗುಜ್ಜಾದಾಗ ಇದೂ ನಡೆಯದು, ಆಗ ತುರ್ತು ದ್ವಾರವೂ ಗಾಜು ಒಡೆಯುವ ಸುತ್ತಿಗೆಯೂ ಬೇಕು.

ಆದರೆ ಆ ವಾಲ್ವ್ ಎಲ್ಲಿದೆಯೆಂದು ಪ್ರಯಾಣಿಕರಲ್ಲಿ ಎಷ್ಟು ಮಂದಿಗೆ ಗೊತ್ತು? ಅದರ ಪಕ್ಕದಲ್ಲಿ ಬರೆದದ್ದನ್ನು ಯಾರು ಓದಬಲ್ಲರು? ಕೊಡಂಗಲ್ಲಿನ ಕನ್ನಡದ ಅಜ್ಜಿಗೆ ತೆಲುಗು ಅಕ್ಷರ ಬಾರದಿರಬಹುದು, ನಮ್ಮ ಮಂಜೇಶ್ವರದ ಅಜ್ಜಿಗೆ ಮಲಯಾಳದ್ದು ಬಾರದಿರಬಹುದು. ಊರಿನ ಬೋರ್ಡು ಓದಲಾಗದಿದ್ದರೆ ಪಕ್ಕದವರನ್ನು ಕೇಳಬಹುದು. ಹೊಗೆ ತುಂಬಿದ ಬಸ್ಸಿನಲ್ಲಿ ಯಾರನ್ನು ಕೇಳುವುದು? ಭಾಷೆಯ ಹಕ್ಕೆಂದರೆ ಶಾಲೆ, ಕಚೇರಿಗಳ ಮಾತಷ್ಟೇ ಎಂದು ತಿಳಿದವರು ಇದನ್ನು ಯೋಚಿಸಲಿ.

ನಾವು ಕೇಳುವುದು ದೊಡ್ಡದೇನಲ್ಲ. ಗಡಿನಾಡಿನ ಬಸ್ಸುಗಳಲ್ಲಿ ತುರ್ತು ವಾಲ್ವಿನ ಪಕ್ಕ ಕೆಂಪು ಬಾಣದ ಚಿತ್ರವಿರಲಿ, ಕೆಳಗೆ ಒಂದು ಸಾಲು ಕನ್ನಡವೂ ಇರಲಿ. ರಾತ್ರಿ ಬಸ್ಸು ಹೊರಡುವ ಮುನ್ನ ನಿರ್ವಾಹಕರು ಅದನ್ನೊಮ್ಮೆ ಕೈಯೆತ್ತಿ ತೋರಿಸಲಿ. ಫಿಟ್‌ನೆಸ್ ಪರೀಕ್ಷೆಯಲ್ಲಿ ಅಧಿಕಾರಿಗಳು ಆ ವಾಲ್ವನ್ನು ನೋಡಿ ಗುರುತು ಹಾಕಿದರೆ ಸಾಲದು, ಸ್ವತಃ ತಿರುಗಿಸಿ ಬಾಗಿಲನ್ನು ತಳ್ಳಿ ನೋಡಬೇಕು.