ಬಣ್ಣ ಆಮ್ಯಾಲೆ, ಬ್ರೇಕ್ ಮೊದಲು

ಮಾವನವರ ಪ್ರೀಮಿಯರ್ ಪದ್ಮಿನಿ ಎಂಟು ವರ್ಷ ಹಿತ್ತಲದಾಗ ನಿಂತಿತ್ತು. ಅದನ್ನ ಮತ್ತ ಓಡಸಬೇಕು ಅಂತ ನಮ್ಮ ಮನಿಯವರು ಎದ್ದು ನಿಂತ್ರು. ಮೊದಲ ತಗದ ಮಾತು ಏನು? ಬಣ್ಣ! ಕೆನಿಬಣ್ಣವೋ, ತಿಳಿನೀಲಿಯೋ ಅಂತ ಅಣ್ಣತಮ್ಮರ ವಾದ ಒಂದು ವಾರ ನಡೀತು. "ರೀ, ಮೊದಲ ಕಾಲಾಗಿನ ರಬ್ಬರ್ ಮ್ಯಾಟ್ ಎತ್ತಿ ನೋಡ್ರಿ" ಅಂದೆ. ಎತ್ತಿದ್ರ ನೆಲಾ ಕಾಣ್ತು, ಕಾರಿಂದಲ್ಲ, ಹಿತ್ತಲದ್ದು!

ಮ್ಯಾಟಿನ ಕೆಳಗ ನೀರು ನಿಂತು ತಗಡು ತಿಂದಿತ್ತು. ಇಂಥಾದ್ದಕ್ಕ ಪುಟ್ಟಿ ಮೆತ್ತಿ ಬಣ್ಣ ಹೊಡಸೋದು ಅಂದ್ರ ಹುಳುಕು ಹಲ್ಲಿಗೆ ಬಂಗಾರದ ಕ್ಯಾಪ್ ಹಾಕಿಸಿಧಂಗ.

ಬ್ರೇಕಿನ ಕಥಿ ಇನ್ನೂ ಕೆಟ್ಟದ್ದು. ಪದ್ಮಿನಿಗೆ ನಾಕೂ ಗಾಲಿಗೆ ಡ್ರಮ್ ಬ್ರೇಕ್. ಗಾಡಿ ನಿಂತಲ್ಲೇ ನಿಂತ್ರ ಬ್ರೇಕ್ ಆಯಿಲ್ ಗಾಳ್ಯಾಗಿನ ತೇವ ಹೀರ್ಕೋತದ, ಸಿಲಿಂಡರಿಗೆ ಒಳಗ ಜಂಗು ಹಿಡೀತದ, ರಬ್ಬರ್ ಗಟ್ಟಿಯಾಗ್ತದ. 1089 ಸಿಸಿ ಎಂಜಿನ್ ಏನೋ ಕಾರ್ಬುರೇಟರ್ ತೊಳದು, ಪಾಯಿಂಟ್ ಉಜ್ಜಿದ ಮ್ಯಾಲೆ ಶುರು ಆತು. (ತೊಳದದ್ದು ನನ್ನ ಪರಾತದಾಗ. ಅದರಾಗ ನಾ ಮತ್ತ ಹಿಟ್ಟು ನಾದಿಲ್ಲ.) ಶುರು ಆತು ಅಂತ ಮಕ್ಕಳನ್ನ ಕೂಡಿಸಿಕೊಂಡು ಹೊಂಟ್ರ, ನಿಲ್ಲಸೋದು ಹೆಂಗ್ರೀ?

ಹಳೇ ಗಾಡಿ ಹುಚ್ಚು ಇದ್ದೋರು ಮೊದಲ ರೊಕ್ಕ ಕಣ್ಣಿಗೆ ಕಾಣದ ಕಡೆ ಹಾಕಬೇಕು. ಹಂಗ, ಸ್ಟೇರಿಂಗ್ ಬಾಜೂಕಿನ ಗೇರ್ ಕಿತ್ತು ಕೆಳಗ ಕೂಡಸೋ ಉಸಾಬರಿನೂ ಬ್ಯಾಡ. ಆ ಗೇರ್ ಇಲ್ಲಂದ್ರ ಅದು ಮಾವನವರ ಗಾಡಿ ಹೆಂಗಾದೀತು?

ಈ ವರ್ಷದ ರೊಕ್ಕ ಎಲ್ಲಾ ವೆಲ್ಡಿಂಗಿಗೆ, ಬ್ರೇಕಿಗೆ ಹೋತು. ಬಣ್ಣ ಹಳೇದ ಅದ. ಮೊನ್ನೆ ಮಾವನವರು ಮುಂದಿನ ಸೀಟಿನ್ಯಾಗ ಕೂತು ಪ್ಯಾಟಿಗೆ ಹೋಗಿ ಬಂದ್ರು. ಬಣ್ಣದ ಮಾತು ಅವರು ತಗೀಲೇ ಇಲ್ಲ.