ಗೆರೆಯ ಪಕ್ಕ ಕುಣಿಯದ ಕೋಚ್ ಮೇಲೆ ಯಾಕಿಷ್ಟು ಸಿಟ್ಟು?

ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಕೋಚ್ ಆರ್ನೆ ಸ್ಲಾಟ್ ಬಗ್ಗೆ ಒಂದು ದೂರು ಇದೆ. ಈ ಮನುಷ್ಯನಿಗೆ ಕಿಚ್ಚೇ ಇಲ್ಲ ಅನ್ನುವುದು. ತಂಡ ಗೋಲು ಹೊಡೆದಾಗ ಮುಷ್ಟಿ ಬಿಗಿಯುತ್ತಾರೆ, ಪಕ್ಕದವರ ಕೈ ಕುಲುಕುತ್ತಾರೆ, ಮತ್ತೆ ಆಟ ನೋಡುತ್ತಾ ನಿಲ್ಲುತ್ತಾರೆ. ಗೋಲು ಬಿಟ್ಟುಕೊಟ್ಟಾಗಲೂ ಹೆಚ್ಚು ಕಡಿಮೆ ಅದೇ ಮುಖ. ಒಂದಷ್ಟು ಅಭಿಮಾನಿಗಳಿಗೆ ಇದು ಸಾಲದು. ಗೆರೆಯ ಪಕ್ಕ ನಿಂತು ಕೂಗಾಡಬೇಕು, ರೆಫ್ರಿ ಮೇಲೆ ಹರಿಹಾಯಬೇಕು, ಗೆದ್ದರೆ ಪ್ರೇಕ್ಷಕರತ್ತ ಓಡಿಬರಬೇಕು. ಹಾಗೆ ಮಾಡದಿದ್ದರೆ ಈ ತಂಡ ಅವರಿಗೆ ಬರೀ ಸಂಬಳದ ನೌಕರಿ ಅಂತ ಲೆಕ್ಕ.

ನಾವು ಹೇಳುವುದು ಇಷ್ಟೇ. ಈ ದೂರು ತಪ್ಪು. ಸೋತ ಕೋಚನ್ನು ಪ್ರಶ್ನೆ ಮಾಡಿ, ಬೇಕಾದರೆ ಮನೆಗೂ ಕಳಿಸಿ. ಆದರೆ ಮುಖ ನೋಡಿ ಮನಸ್ಸು ಅಳೆಯಬೇಡಿ.

ಶನಿವಾರ, ಭಾನುವಾರ ರಾತ್ರಿ ಮೊಬೈಲ್ ಹಿಡಿದು ಇಂಗ್ಲೆಂಡಿನ ಲೀಗ್ ನೋಡುವವರು ನಮ್ಮ ಓದುಗರಲ್ಲೂ ಇದ್ದಾರೆ. ನೋಡದವರಿಗಾಗಿ ಸ್ವಲ್ಪ ಹಿಂದಿನ ಕಥೆ.

ಸ್ಲಾಟ್‌ಗಿಂತ ಮೊದಲು ಈ ಜಾಗದಲ್ಲಿ ಇದ್ದವರು ಜರ್ಮನಿಯ ಯುರ್ಗನ್ ಕ್ಲಾಪ್. 2015ರ ಅಕ್ಟೋಬರಿನಿಂದ 2024ರ ಮೇ ತಿಂಗಳವರೆಗೆ. ಅವರ ಕಾಲದಲ್ಲಿ 2019ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಬಂತು, 2020ರಲ್ಲಿ 30 ವರ್ಷದ ನಂತರ ಇಂಗ್ಲೆಂಡಿನ ಲೀಗ್ ಬಂತು. ಕ್ಲಾಪ್ ಸುಮ್ಮನೆ ನಿಂತವರೇ ಅಲ್ಲ. 2018ರ ಡಿಸೆಂಬರಿನಲ್ಲಿ ಅದೇ ಊರಿನ ಎವರ್ಟನ್ ಎದುರು 96ನೇ ನಿಮಿಷದಲ್ಲಿ ಡಿವೊಕ್ ಒರಿಗಿ ಗೋಲು ಹೊಡೆದಾಗ ಮೈದಾನದ ಒಳಕ್ಕೇ ಓಡಿ ಗೋಲ್‌ಕೀಪರ್ ಅಲಿಸನ್‌ನನ್ನು ತಬ್ಬಿಕೊಂಡರು. ಅದಕ್ಕೆ 8,000 ಪೌಂಡ್ ದಂಡ ಬಿತ್ತು. 2023ರಲ್ಲಿ ಟಾಟನಂ ವಿರುದ್ಧ 4-3ರಿಂದ ಗೆದ್ದ ದಿನ, ಗೆಲುವಿನ ಗೋಲಿಗೆ ಪಂದ್ಯದ ಅಧಿಕಾರಿಯ ಮುಂದೆ ಹೋಗಿ ಅಬ್ಬರಿಸುವಾಗ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಂಡು ಕುಂಟುತ್ತಾ ವಾಪಸಾದರು. ಆಟಗಾರರಿಗೆ ಗಾಯವಾಗುವುದು ಮಾಮೂಲು. ಖುಷಿಪಟ್ಟು ಗಾಯ ಮಾಡಿಕೊಳ್ಳುವ ಕೋಚ್ ಅಪರೂಪ.

ಕ್ಲಾಪ್ ಅಬ್ಬರವೆಲ್ಲ ನಾಟಕ ಎಂದು ನಾವು ಹೇಳುತ್ತಿಲ್ಲ. 2019ರಲ್ಲಿ ಬಾರ್ಸಿಲೋನಾ ಎದುರು ಮೊದಲ ಪಂದ್ಯ 0-3ರಿಂದ ಸೋತು, ತವರಿನಲ್ಲಿ 4-0ಯಿಂದ ಗೆದ್ದ ರಾತ್ರಿ ಆ ಮೈದಾನದ ಸದ್ದಿಗೆ ಕ್ಲಾಪ್ ಪಾಲೂ ಇತ್ತು. ಅಭಿಮಾನಿಗಳ ಆಸೆಯೂ ಹುಡುಗಾಟದ್ದಲ್ಲ. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ ಈ ತಂಡದ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ತಪ್ಪು ಸತ್ತವರದ್ದೇ ಎಂಬಂತೆ ಪೊಲೀಸರು ಹೇಳಿದರು, ಪತ್ರಿಕೆ ಬರೆಯಿತು. ಅದು ಸುಳ್ಳು, ಅಭಿಮಾನಿಗಳ ತಪ್ಪೇನೂ ಇರಲಿಲ್ಲ ಎಂದು ವಿಚಾರಣೆಯ ತೀರ್ಪು ಬರಲು 2016 ಆಗಬೇಕಾಯಿತು. 27 ವರ್ಷ. ಅಂಥ ಊರಿನವರು ತಮ್ಮ ತಂಡದ ಕೋಚ್ ತಮ್ಮ ಜೊತೆ ಅಳಬೇಕು, ನಗಬೇಕು ಅಂದರೆ ಅದರಲ್ಲಿ ಅರ್ಥವಿದೆ.

ಅರ್ಥವಿಲ್ಲದ್ದು ಅದರ ಮುಂದಿನ ಮಾತು. ತೋರಿಸದವನಿಗೆ ಏನೂ ಅನಿಸುವುದಿಲ್ಲ ಅನ್ನುತ್ತಾರಲ್ಲ, ಅದು.

ಸ್ಲಾಟ್ ನೆದರ್ಲೆಂಡ್ಸ್‌ನ ಬರ್ಗೆಂಟ್‌ಹೈಮ್ ಎಂಬ ಹಳ್ಳಿಯವರು. 2024ರಲ್ಲಿ ಲಿವರ್‌ಪೂಲಿಗೆ ಬಂದಾಗ ಅವರ ಕೈಗೆ ಸಿಕ್ಕಿದ್ದು ಕ್ಲಾಪ್ ಬಿಟ್ಟುಹೋದ ತಂಡವೇ. ಆ ಬೇಸಿಗೆಯಲ್ಲಿ ಕೊಂಡು ತಕ್ಷಣ ಆಡಿಸಬಹುದಾಗಿದ್ದ ಹೊಸಬ ಫೆಡೆರಿಕೊ ಕಿಯೇಸಾ ಒಬ್ಬನೇ. ಮೊದಲ ಲೀಗ್ ಪಂದ್ಯ ಇಪ್ಸ್‌ವಿಚ್ ಊರಿನಲ್ಲಿ. ಅರ್ಧ ಆಟ ಮುಗಿದಾಗ 0-0. ಕ್ಲಬ್ಬಿನಲ್ಲೇ ಬೆಳೆದ ಹುಡುಗ ಜರೆಲ್ ಕ್ವಾನ್ಸಾ ಎದುರಾಳಿಗಳ ಜೊತೆಗಿನ ಜಗ್ಗಾಟದಲ್ಲಿ ಚೆಂಡು ಬಿಟ್ಟುಕೊಡುತ್ತಿದ್ದ. ಸ್ಲಾಟ್ ಅವನನ್ನು ಕೂರಿಸಿ ಕೊನಾಟೆಯನ್ನು ಇಳಿಸಿದರು. ಪಂದ್ಯ 2-0. ಬಂದ ಮೊದಲ ದಿನವೇ ಮನೆಯ ಹುಡುಗನನ್ನು ಅರ್ಧಕ್ಕೆ ಕೂರಿಸುವುದು ಹೊರಗಿನವನಿಗೆ ಸುಲಭದ ಕೆಲಸವಲ್ಲ. ಅದಕ್ಕೆ ಧೈರ್ಯ ಬೇಕು, ಕೂಗು ಬೇಕಿಲ್ಲ. ಮಧ್ಯದಲ್ಲಿ, ರಕ್ಷಣೆಯ ಮುಂದೆ ನಿಲ್ಲಲು ಒಬ್ಬ ಹೊಸ ಆಟಗಾರನನ್ನು ತರಬೇಕೆಂದು ಕ್ಲಬ್ ಪ್ರಯತ್ನಿಸಿತ್ತು, ಆತ ಬರಲಿಲ್ಲ. ಇದ್ದವರಲ್ಲೇ ರಯಾನ್ ಗ್ರಾವೆನ್‌ಬರ್ಕ್‌ನನ್ನು ಆ ಜಾಗಕ್ಕೆ ಹಾಕಿದರು. ವರ್ಷದ ಕೊನೆಗೆ ಆತ ಲೀಗಿನ ಅತ್ಯುತ್ತಮ ಯುವ ಆಟಗಾರನಾದ. 2025ರ ಏಪ್ರಿಲ್ 27ರಂದು ಟಾಟನಂ ಅನ್ನು 5-1ರಿಂದ ಸೋಲಿಸಿ, ಇನ್ನೂ ನಾಲ್ಕು ಪಂದ್ಯ ಬಾಕಿ ಇರುವಾಗಲೇ ಲಿವರ್‌ಪೂಲ್ ತನ್ನ 20ನೇ ಲೀಗ್ ಗೆದ್ದಿತು.

ಆ ವರ್ಷದ್ದೇ ಇನ್ನೊಂದು ಸಂಗತಿ. ಕಿಚ್ಚು ಕಾಣಿಸಬೇಕು ಅನ್ನುವವರು ಇದನ್ನು ಸ್ವಲ್ಪ ಗಮನಿಸಿ. 2025ರ ಫೆಬ್ರವರಿ 12ರಂದು ಎವರ್ಟನ್ ಎದುರು ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟು ಪಂದ್ಯ 2-2 ಆಯಿತು. ಸ್ಲಾಟ್ ರೆಫ್ರಿ ಬಳಿ ಹೋಗಿ ಸಿಟ್ಟಿನಲ್ಲಿ ಮಾತಾಡಿದರು, ಕೆಂಪು ಕಾರ್ಡು ಸಿಕ್ಕಿತು. ಎರಡು ಪಂದ್ಯ ಗೆರೆಯ ಪಕ್ಕ ನಿಲ್ಲುವಂತಿಲ್ಲ, ಮೇಲೆ 70,000 ಪೌಂಡ್ ದಂಡ. ಅವರು ನಿಲ್ಲದ ಆ ಎರಡು ಪಂದ್ಯಗಳು ಏನಾದವು? ನ್ಯೂಕ್ಯಾಸಲ್ ಎದುರು 2-0, ಸೌತಾಂಪ್ಟನ್ ಎದುರು 3-1. ಎರಡೂ ಗೆಲುವು. ಗೆರೆಯ ಪಕ್ಕ ನಿಂತವನ ಅಬ್ಬರದ ಮೇಲೇ ತಂಡ ಓಡುವುದಾದರೆ ಈ ಎರಡನ್ನು ಯಾರು ಗೆಲ್ಲಿಸಿದರು?

ಗೆಲ್ಲಿಸಿದ್ದು ವಾರವಿಡೀ ಅಭ್ಯಾಸದ ಮೈದಾನದಲ್ಲಿ ಆದ ಕೆಲಸ. ಎದುರಾಳಿ ಚೆಂಡನ್ನು ಯಾವ ಕಡೆಯಿಂದ ತರುತ್ತಾನೆ, ಆಗ ಯಾರು ಮುಂದೆ ನುಗ್ಗಬೇಕು, ಯಾರು ಹಿಂದೆ ನಿಲ್ಲಬೇಕು ಅನ್ನುವುದನ್ನು ಹತ್ತು ಸಲ, ಇಪ್ಪತ್ತು ಸಲ ಆಡಿಸಿ ಕಲಿಸುವ ಕೆಲಸ. ಅದು ಟಿವಿಗೆ ಬರುವುದಿಲ್ಲ. ಟಿವಿಗೆ ಬರುವುದೇನು? ತೊಂಬತ್ತು ನಿಮಿಷದ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಒಂದು ಗಂಟೆಗಿಂತ ಕಡಿಮೆ. ಉಳಿದ ಹೊತ್ತು ಚೆಂಡು ಹೊರಗೆ ಹೋಗಿರುತ್ತದೆ, ಯಾರೋ ಬಿದ್ದಿರುತ್ತಾರೆ, ಫ್ರೀ ಕಿಕ್ಕಿಗೆ ಸಾಲು ನಿಂತಿರುತ್ತಾರೆ. ಆ ಖಾಲಿ ಹೊತ್ತು ತುಂಬಲು ಕ್ಯಾಮೆರಾ ಕೋಚ್ ಮುಖಕ್ಕೆ ತಿರುಗುತ್ತದೆ. ಕುಣಿದರೆ ಅದು ಇಪ್ಪತ್ತು ಸೆಕೆಂಡಿನ ರೀಲ್ ಆಗಿ ನಮ್ಮ ನಿಮ್ಮ ಮೊಬೈಲಿಗೆ ಬರುತ್ತದೆ. ಕುಣಿಯದವನ ರೀಲ್ ಯಾರು ಮಾಡುತ್ತಾರೆ? ಗ್ರಾಮಸಭೆಯಲ್ಲಿ ಮೇಜು ಗುದ್ದಿದವರ ಫೋಟೊ ಪೇಪರಿಗೆ ಬರುತ್ತದೆ, ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸುವ ನೀರುಗಂಟಿಯದು ಬರುವುದಿಲ್ಲ. ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಗೊತ್ತು.

ಲೀಗ್ ಗೆದ್ದ ವರ್ಷ ಇದೇ ಸ್ಲಾಟ್ ಅವರನ್ನು ಜನ ತಣ್ಣಗಿನ ತಲೆಯವರು, ಲೆಕ್ಕಾಚಾರದವರು ಎಂದು ಹೊಗಳಿದ್ದರು. 2025ರ ಸೆಪ್ಟೆಂಬರ್ ಕೊನೆಯಿಂದ ತಂಡ ಸೋಲತೊಡಗಿತು. ಲೀಗಿನಲ್ಲಿ ಸಾಲಾಗಿ ನಾಲ್ಕು ಸೋಲು. ನವೆಂಬರ್ ಕೊನೆಯ ಹೊತ್ತಿಗೆ ಎಲ್ಲ ಸೇರಿ 12 ಪಂದ್ಯಗಳಲ್ಲಿ 9 ಸೋಲು. ಆಗ ಅದೇ ತಣ್ಣಗಿನ ತಲೆಗೆ ಹೆಸರು ಬದಲಾಯಿತು. ಉತ್ಸಾಹವಿಲ್ಲ, ಜೀವವಿಲ್ಲ ಅಂದರು. ಮುಖ ಅದೇ. ಬದಲಾಗಿದ್ದು ಪಂದ್ಯದ ಅಂಕಿ.

ಆ ಎರಡು ವರ್ಷಗಳ ನಡುವೆ ನಡೆದದ್ದನ್ನೂ ಹೇಳಬೇಕು. 2025ರ ಜುಲೈ 3ರಂದು ತಂಡದ ಆಟಗಾರ ಡಿಯೊಗೊ ಜೋಟಾ ಸ್ಪೇನಿನಲ್ಲಿ ಕಾರು ಅಪಘಾತದಲ್ಲಿ ತಮ್ಮನ ಜೊತೆಗೇ ತೀರಿಹೋದರು. ಮದುವೆಯಾಗಿ ಇನ್ನೂ ಎರಡು ವಾರವೂ ಆಗಿರಲಿಲ್ಲ, ಮೂವರು ಮಕ್ಕಳಿದ್ದರು. ಸ್ಲಾಟ್ ಆಟಗಾರರೊಂದಿಗೆ ಪೋರ್ಚುಗಲ್‌ಗೆ ಅಂತ್ಯಕ್ರಿಯೆಗೆ ಹೋದರು. ಕೆಲವೇ ದಿನಗಳಲ್ಲಿ ಆ ಹುಡುಗರನ್ನೇ ಮತ್ತೆ ಅಭ್ಯಾಸಕ್ಕೆ ಇಳಿಸಬೇಕಿತ್ತು. ಜೊತೆಗಾರನ ಸೀಟು ಖಾಲಿ ಇರುವ ಕೋಣೆಯಲ್ಲಿ ಇಪ್ಪತ್ತೈದು ಜನರನ್ನು ಕೂರಿಸಿಕೊಂಡು ಮಾತಾಡುವವನು ಗೆರೆಯ ಪಕ್ಕ ಎಷ್ಟು ಎತ್ತರ ಹಾರಿದ ಎಂದು ಅಳೆಯುವುದಕ್ಕೆ ನಮಗಂತೂ ಮನಸ್ಸು ಬರುವುದಿಲ್ಲ.

ಲಿವರ್‌ಪೂಲಿನವರಿಗೆ ಇದು ಹೊಸ ಪಾಠವೂ ಅಲ್ಲ. 1974ರಲ್ಲಿ ಬಿಲ್ ಶ್ಯಾಂಕ್ಲಿ ದಿಢೀರನೆ ಕೋಚ್ ಕೆಲಸ ಬಿಟ್ಟರು. ಅವರು ಮಾತಿನ ಮಲ್ಲ, ಜನ ಅವರನ್ನು ದೇವರಂತೆ ನೋಡುತ್ತಿದ್ದರು. ಅವರ ಜಾಗಕ್ಕೆ ಬಂದವರು ಅವರ ಸಹಾಯಕ ಬಾಬ್ ಪೇಸ್ಲಿ. ಗಣಿ ಕಾರ್ಮಿಕರ ಮನೆಯ ಮಗ, ಹುಡುಗನಾಗಿದ್ದಾಗ ಗಾರೆ ಕೆಲಸ ಕಲಿತವರು, ಕ್ಲಬ್ಬಿನಲ್ಲಿ ಗಾಯಗೊಂಡ ಆಟಗಾರರನ್ನು ನೋಡಿಕೊಂಡಿದ್ದವರು. ಭಾಷಣ ಬಾರದು, ಆ ಪಟ್ಟವೂ ಅವರಿಗೆ ಬೇಕಿರಲಿಲ್ಲ. ಮೊದಲ ವರ್ಷ ದೊಡ್ಡ ಕಪ್ ಒಂದೂ ಬರಲಿಲ್ಲ. ಅಲ್ಲಿಗೇ ಮುಖ ನೋಡಿ ಕಳಿಸಿದ್ದರೆ? ಕಳಿಸಲಿಲ್ಲ. ಒಂಬತ್ತು ವರ್ಷಗಳಲ್ಲಿ 6 ಲೀಗ್, 3 ಯುರೋಪಿಯನ್ ಕಪ್. ಶ್ಯಾಂಕ್ಲಿಗೆ ಒಂದೂ ಸಿಗದ ಯುರೋಪಿಯನ್ ಕಪ್ಪನ್ನು ಮೌನಿ ಪೇಸ್ಲಿ 1977, 1978, 1981ರಲ್ಲಿ ತಂದರು.

ಇಂಗ್ಲೆಂಡ್ ದೇಶದ ತಂಡದಲ್ಲೂ ಇದೇ ಆಗಿತ್ತು. ಸ್ವೀಡನ್ನಿನ ಸ್ವೆನ್ ಯೋರಾನ್ ಎರಿಕ್ಸನ್ 2001ರಲ್ಲಿ ಆ ತಂಡದ ಮೊದಲ ವಿದೇಶಿ ಕೋಚ್ ಆಗಿ ಬಂದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಜರ್ಮನಿಯನ್ನು 5-1ರಿಂದ ಸೋಲಿಸಿದಾಗ ಅವರ ಶಾಂತಿಯೇ ದೊಡ್ಡ ಗುಣ. 2002ರ ವಿಶ್ವಕಪ್ಪಿನಲ್ಲಿ ಹತ್ತೇ ಜನ ಉಳಿದಿದ್ದ ಬ್ರೆಜಿಲ್ ಎದುರು 1-2ರಿಂದ ಸೋತಾಗ ಅದೇ ಶಾಂತಿ ದೊಡ್ಡ ಅಪರಾಧ. ಅವರಿಗಿಂತ ಮುಂಚೆ ಇದ್ದ ಕೆವಿನ್ ಕೀಗನ್‌ಗೆ ಕಿಚ್ಚಿಗೇನೂ ಕೊರತೆ ಇರಲಿಲ್ಲ. 2000ದಲ್ಲಿ ಜರ್ಮನಿ ಎದುರು ಸೋತ ದಿನವೇ ರಾಜೀನಾಮೆ ಕೊಟ್ಟು ಹೋದರು.

ಇನ್ನು ನಮ್ಮವರೇ ಆದ ರಾಹುಲ್ ದ್ರಾವಿಡ್. ಆಟ ಬೇರೆ, ಮಾತು ಅದೇ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ವಿಶ್ವಕಪ್ ಕೈಗೆ ಬಂದಾಗ ಅವರು ಕೂಗಿದ ಆ ಕೆಲವು ಸೆಕೆಂಡು ಎಲ್ಲರ ಮೊಬೈಲಿಗೂ ಬಂತು. ಅಬ್ಬಾ, ಇವರಿಗೂ ಸಿಟ್ಟು, ಸಂತೋಷ ಇದೆಯಲ್ಲ ಅಂದರು ಜನ. ಅದಕ್ಕೂ ಆರು ವರ್ಷ ಮೊದಲು, 2018ರಲ್ಲಿ, 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದ ಅವರಿಗೆ 50 ಲಕ್ಷ, ಜೊತೆಗಿದ್ದ ಸಿಬ್ಬಂದಿಗೆ 20 ಲಕ್ಷ ಎಂದು ಕ್ರಿಕೆಟ್ ಮಂಡಳಿ ಘೋಷಿಸಿತ್ತು. ದ್ರಾವಿಡ್ ಒಪ್ಪಲಿಲ್ಲ. ಕೊನೆಗೆ ಅವರಿಗೂ 25, ಉಳಿದವರಿಗೂ 25 ಆಯಿತು. ತಂಡದ ಮೇಲಿನ ಪ್ರೀತಿ ಎಂದರೆ ನಮ್ಮ ಲೆಕ್ಕದಲ್ಲಿ ಈ 25 ಲಕ್ಷ. ಬಾರ್ಬಡೋಸಿನ ಕೂಗು ಅದರ ಮೇಲಿನ ತುಪ್ಪ.

ಸ್ಲಾಟ್ ಮೇಲೆ ಕೇಳಬೇಕಾದ ಪ್ರಶ್ನೆಗಳು ಇಲ್ಲದೇ ಇಲ್ಲ, ಬೇಕಾದಷ್ಟಿವೆ. 2025ರ ಬೇಸಿಗೆಯಲ್ಲಿ ಅಲೆಕ್ಸಾಂಡರ್ ಇಸಾಕ್, ಫ್ಲೋರಿಯನ್ ವಿರ್ಟ್ಜ್ ಇಬ್ಬರಿಗೇ ಕ್ಲಬ್ 200 ಮಿಲಿಯನ್ ಪೌಂಡ್‌ಗಿಂತ ಹೆಚ್ಚು ಸುರಿಯಿತು. ಅಷ್ಟು ಹಣ ಹಾಕಿ ತಂದವರನ್ನು ಹಳಬರ ಜೊತೆ ಹೊಂದಿಸಲು ಇಷ್ಟು ಹೊತ್ತು ಯಾಕೆ ಬೇಕಾಯಿತು? ಕಾರ್ನರ್, ಫ್ರೀ ಕಿಕ್, ಉದ್ದನೆಯ ಎಸೆತಗಳಲ್ಲಿ ಮತ್ತೆ ಮತ್ತೆ ಗೋಲು ಬಿಟ್ಟದ್ದು ಯಾಕೆ? ನವೆಂಬರ್ 22ರಂದು ತವರಿನಲ್ಲೇ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು 0-3, ನಾಲ್ಕು ದಿನ ಬಿಟ್ಟು ಅದೇ ಮೈದಾನದಲ್ಲಿ ನೆದರ್ಲೆಂಡ್ಸ್‌ನ ಪಿಎಸ್‌ವಿ ಎದುರು 1-4. ಈ ನಾಲ್ಕು ದಿನದಲ್ಲಿ ರಕ್ಷಣೆಯ ಸಾಲಿನಲ್ಲಿ ಏನು ಸರಿಮಾಡಿದರು? ಇವಕ್ಕೆ ಉತ್ತರ ಕೇಳಿ. ಉತ್ತರ ಸರಿ ಇಲ್ಲದಿದ್ದರೆ ಆಗ ಕಳಿಸುವ ಮಾತು.